ಕಾಫಿ ಸೀಮೆಯಲ್ಲಿ ಕಬ್ಬಿಣದ ಮಾತ್ರೆ: ಆಯ್ಕೆ, ಹೊತ್ತು ಮತ್ತು ಎಚ್ಚರ

ರಕ್ತಹೀನತೆಯನ್ನು ತಡೆಯಲು ಗರ್ಭಿಣಿಯರಿಗೂ ಮಕ್ಕಳಿಗೂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಹಂಚುವ ರಾಷ್ಟ್ರೀಯ ಕಾರ್ಯಕ್ರಮವು ಭಾರತದಲ್ಲಿ 1970ರಲ್ಲಿ ಆರಂಭವಾಯಿತು. ಅರ್ಧ ಶತಮಾನ ಕಳೆದ ಮೇಲೆ, 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ದೇಶದಾದ್ಯಂತ ಶೇ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆಂದೂ ಕರ್ನಾಟಕದಲ್ಲಿ ಈ ಪ್ರಮಾಣ ಶೇ 47.8ರಷ್ಟಿದೆಯೆಂದೂ ದಾಖಲಿಸಿತು, ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಅಂಕಿ ಶೇ 44.8 ಆಗಿತ್ತು. ಇಷ್ಟು ಅಗ್ಗವಾದ, ಇಷ್ಟು ಹಳೆಯದಾದ, ಗುಣ ಸಂಶಯಾತೀತವಾದ ಔಷಧವೊಂದು ಇಷ್ಟು ಕಾಲದಿಂದ ಮನೆಮನೆ ತಲುಪುತ್ತಿದ್ದರೂ ಕೊರತೆ ಇಳಿಮುಖವಾಗದಿರುವುದಕ್ಕೆ ಕಾರಣವನ್ನು ಮಾತ್ರೆಯಲ್ಲಿ ಹುಡುಕಬೇಕೋ ಅದನ್ನು ನುಂಗುವ ರೀತಿಯಲ್ಲಿ ಹುಡುಕಬೇಕೋ ಎಂಬುದು ಈ ಲೇಖನದ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಡೆಗೆ ಹೋಗುವ ದಾರಿಯಲ್ಲಿರುವ ಮಲ್ಲಂದೂರನ್ನೂ ಅದರ ಆಚೆಗಿನ ಮೂಡಿಗೆರೆ, ಕಳಸಗಳ ಕಾಫಿ ತೋಟಗಳನ್ನೂ ಮುಂದಿಟ್ಟುಕೊಂಡು ಪರಿಶೀಲಿಸುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಇಲ್ಲಿನ ಹಣ್ಣು ಕೊಯ್ಲಿನಲ್ಲಿ ದುಡಿಯುವವರಲ್ಲಿ ಹೆಂಗಸರ ಪಾಲು ದೊಡ್ಡದು. ನವೆಂಬರಿನಿಂದ ಮಾರ್ಚಿಯವರೆಗೆ ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ ಎಂದು ಸಾಗುವ ಆ ಕೆಲಸದಲ್ಲಿ ಏರುತಗ್ಗಿನ ಮಣ್ಣಿನ ಮೇಲೆ ದಿನವಿಡೀ ನಿಂತು, ಸಂಜೆ ಹಣ್ಣಿನ ಚೀಲ ಹೊತ್ತು ಅಳತೆಗೆ ತರುವ ದೇಹಕ್ಕೆ ರಕ್ತದ ಕೊರತೆಯ ಭಾರ ನೇರವಾಗಿ ತಟ್ಟುತ್ತದೆ. ಎರಡನೆಯದಾಗಿ, ಮಾತ್ರೆಯ ಕಬ್ಬಿಣವನ್ನು ಹೊಟ್ಟೆಯಲ್ಲಿಯೇ ಕಟ್ಟಿಹಾಕುವ ಪದಾರ್ಥಗಳಲ್ಲಿ ಪ್ರಮುಖವಾದ ಕಾಫಿಯೇ ಇಲ್ಲಿನ ಬೆಳೆ, ಇಲ್ಲಿನ ಪಾನೀಯ, ಇಲ್ಲಿನ ದಿನಚರಿಯ ಗಡಿಯಾರ. ಈ ಬೆಟ್ಟಗಳ ಒಡಲಲ್ಲಿ ಕಬ್ಬಿಣಕ್ಕೆ ಬರವಿಲ್ಲವೆಂಬುದೂ ಗಮನಾರ್ಹ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಹೋಗಿತ್ತು. ಕಳಸದ ನೆರೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗಣಿಗಾರಿಕೆ ನಡೆಯಿತು. ಆದರೆ ಅದಿರಿನ ಕಬ್ಬಿಣ ತುಕ್ಕಿನ ರೂಪದ್ದಾಗಿ ಕರುಳಿಗೆ ದಕ್ಕುವುದಿಲ್ಲ. ಬಸುರಿಯರು ಕೆಮ್ಮಣ್ಣನ್ನೋ ಸುಟ್ಟ ಇಟ್ಟಿಗೆಯ ಚೂರನ್ನೋ ತಿನ್ನಲು ಆಸೆಪಡುವುದನ್ನು ಬಯಕೆಯೆಂದು ಸುಮ್ಮನಾಗುವುದುಂಟು. ವೈದ್ಯಶಾಸ್ತ್ರವು ಅದನ್ನು ಅನೇಕ ವೇಳೆ ಕಬ್ಬಿಣದ ಕೊರತೆಯ ಲಕ್ಷಣವೆಂದೇ ಪರಿಗಣಿಸುತ್ತದೆ. ತಿಂದ ಮಣ್ಣು ಆ ಕೊರತೆಯನ್ನು ತುಂಬುವುದಿಲ್ಲ, ಆಹಾರದಲ್ಲಿನ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಹೊರಗೆ ಸಾಗಿಸಬಲ್ಲದು.

ಜನರ ಮಾತಿನಲ್ಲಿ ‘ರಕ್ತ ಕಮ್ಮಿ’ ಎಂಬುದು ಒಂದೇ ಕಾಯಿಲೆ. ಆಯುರ್ವೇದದ ಹಳೆಯ ಹೆಸರು ಪಾಂಡುರೋಗ, ಅಂದರೆ ಬಿಳಿಚಿಕೊಳ್ಳುವ ರೋಗ. ವಾಸ್ತವದಲ್ಲಿ ಹಿಮೊಗ್ಲೋಬಿನ್, ಅಂದರೆ ಕೆಂಪು ರಕ್ತಕಣಗಳೊಳಗೆ ಇದ್ದು ಆಮ್ಲಜನಕವನ್ನು ಹೊತ್ತೊಯ್ಯುವ ಕಬ್ಬಿಣಯುಕ್ತ ಪ್ರೋಟೀನು, ಕಡಿಮೆಯಾಗುವುದಕ್ಕೆ ಹಲವು ಕಾರಣಗಳಿದ್ದು, ಕಬ್ಬಿಣದ ಕೊರತೆ ಅವುಗಳಲ್ಲಿ ದೊಡ್ಡದಾದರೂ ಒಂದು ಮಾತ್ರ. ಫೋಲಿಕ್ ಆಮ್ಲದ ಕೊರತೆ, ಬಿ12 ಜೀವಸತ್ವದ ಕೊರತೆ, ದೀರ್ಘಕಾಲದ ಸೋಂಕು, ಮೂತ್ರಪಿಂಡದ ಕಾಯಿಲೆ, ತಲಸೇಮಿಯಾ ಮತ್ತು ಕುಡಗೋಲು ಕಣ ರೋಗದಂತಹ ಆನುವಂಶಿಕ ದೋಷಗಳು, ಇವೆಲ್ಲವೂ ಒಂದೇ ಬಿಳಿಚಿದ ಮುಖವನ್ನು ತೋರಿಸುತ್ತವೆ. ಕಬ್ಬಿಣವೊಂದೇ ಸಾಲದೆಂಬ ಅರಿವು ದುಡಿಯುವ ಹೆಂಗಸರಿಂದಲೇ ಬಂದದ್ದು ಇಲ್ಲಿ ನೆನೆಯಬೇಕಾದ ಸಂಗತಿ: 1928ರಲ್ಲಿ ಮುಂಬಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್ ಜವಳಿ ಗಿರಣಿಗಳ ಗರ್ಭಿಣಿ ಕಾರ್ಮಿಕರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್ ಸಾರದಿಂದ ಅದು ವಾಸಿಯಾಗುವುದನ್ನು ತೋರಿಸಿದರು, ಆ ಸಾರದೊಳಗಿನ ಗುಣಕಾರಿ ವಸ್ತು ಫೋಲಿಕ್ ಆಮ್ಲವೆಂದು ಮುಂದೆ ಗೊತ್ತಾಯಿತು. ಇಂದಿನ ಸರ್ಕಾರಿ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲವೂ ಇರುವುದರ ಹಿಂದೆ ಆ ಗಿರಣಿ ಕಾರ್ಮಿಕರ ರಕ್ತದ ಕಥೆಯಿದೆ.

ಆದ್ದರಿಂದ ಮಾತ್ರೆಯ ಆಯ್ಕೆಗಿಂತ ಮೊದಲು ಪರೀಕ್ಷೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬಹುಕಾಲದ ಅಳತೆಯಂತೆ ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೊಗ್ಲೋಬಿನ್ ಗರ್ಭಿಣಿಯಲ್ಲದ ಮಹಿಳೆಗೆ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ, ಗಂಡಸಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಈ ಗೆರೆಗಳು ಕಲ್ಲಿನ ಮೇಲೆ ಬರೆದವಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಭಾರತದ ಆರೋಗ್ಯವಂತ ಮಕ್ಕಳ ಮತ್ತು ಹದಿಹರೆಯದವರ ರಕ್ತದ ಅಂಕಿಗಳನ್ನು ಆಧರಿಸಿ, ಈ ಗಡಿಗಳು ಭಾರತಕ್ಕೆ ಅಗತ್ಯಕ್ಕಿಂತ ಎತ್ತರವಾಗಿರಬಹುದೆಂದು 2021ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದರು. ಬೆರಳ ತುದಿ ಚುಚ್ಚಿ ತೆಗೆದ ಹನಿಯ ಅಳತೆ ರಕ್ತನಾಳದಿಂದ ತೆಗೆದ ರಕ್ತದ ಅಳತೆಯಷ್ಟು ನಿಖರವಲ್ಲವೆಂಬುದೂ ಈ ಚರ್ಚೆಯ ಭಾಗ. ಮಲೆನಾಡಿಗೆ ಇನ್ನೊಂದು ತಿದ್ದುಪಡಿ ಅನ್ವಯಿಸುತ್ತದೆ. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗುವುದರಿಂದ ದೇಹ ಸ್ವಲ್ಪ ಹೆಚ್ಚು ಹಿಮೊಗ್ಲೋಬಿನ್ ತಯಾರಿಸುತ್ತದೆ. 2024ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಸಮುದ್ರಮಟ್ಟದಿಂದ 500 ಮೀಟರ್ ಎತ್ತರದಿಂದಲೇ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕೆನ್ನುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ಸುತ್ತಲಿನ ತೋಟಗಳು ಈ ಗೆರೆಗಿಂತ ಮೇಲಿವೆ. ಆದ್ದರಿಂದ ಬಯಲುಸೀಮೆಯಲ್ಲಿ ಸರಿಯೆನಿಸುವ ಅಂಕಿಯು ಇಲ್ಲಿ ಅಂಚಿನ ಅಂಕಿಯಾಗಿರಬಹುದು.

ಹಿಮೊಗ್ಲೋಬಿನ್ ಕೊರತೆಯನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ಸೂಚಿಸುವುದು ಪೂರ್ಣ ರಕ್ತಕಣ ಎಣಿಕೆ ಮತ್ತು ಫೆರಿಟಿನ್. ಫೆರಿಟಿನ್ ಎಂದರೆ ದೇಹವು ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಕಣಜದ ಪ್ರೋಟೀನು. ರಕ್ತದಲ್ಲಿ ಅದರ ಮಟ್ಟ ಒಂದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ವಯಸ್ಕರಲ್ಲಿ ಕಣಜ ಖಾಲಿಯಾಗಿದೆಯೆಂದರ್ಥ. ಜ್ವರ, ಗಾಯ, ಸೋಂಕುಗಳಿದ್ದಾಗ ಇದು ಸುಳ್ಳಾಗಿ ಏರುವುದರಿಂದ ಕಾಯಿಲೆಯ ನಡುವೆ ಮಾಡಿಸಿದ ಪರೀಕ್ಷೆಯನ್ನು ಎಚ್ಚರದಿಂದ ಓದಬೇಕು. ಕೆಂಪು ಕಣಗಳು ಚಿಕ್ಕವಾಗಿದ್ದೂ ಅವುಗಳ ಸಂಖ್ಯೆ ಹೆಚ್ಚಾಗಿದ್ದರೆ ತಲಸೇಮಿಯಾ ವಾಹಕತೆಯ ಅನುಮಾನ ಮೂಡುತ್ತದೆ. ಇಂಥವರು ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ರಕ್ತ ಏರುವುದಿಲ್ಲ. ರೋಗ ತೀವ್ರವಾಗಿದ್ದವರಲ್ಲಿ ಹೆಚ್ಚುವರಿ ಕಬ್ಬಿಣ ಯಕೃತ್ತಿನಲ್ಲಿಯೂ ಹೃದಯದಲ್ಲಿಯೂ ಶೇಖರವಾಗಿ ಹಾನಿ ಮಾಡುತ್ತದೆ, ಏಕೆಂದರೆ ಒಳಗೆ ಬಂದ ಕಬ್ಬಿಣವನ್ನು ಹೊರಹಾಕುವ ದಾರಿ ಮನುಷ್ಯ ದೇಹಕ್ಕೆ ಇಲ್ಲ. ಕುಡಗೋಲು ಕಣ ರೋಗವು ಮಧ್ಯಭಾರತದ ಬುಡಕಟ್ಟುಗಳಲ್ಲಿ ಹೆಚ್ಚಾಗಿ ಕಂಡುಬರುವಂಥದು. ಅದರ ನಿರ್ಮೂಲನೆಗೆಂದು ಕೇಂದ್ರ ಸರ್ಕಾರ 2023ರಲ್ಲಿ ಅಭಿಯಾನವನ್ನು ಆರಂಭಿಸಿದೆ. ಜಾರ್ಖಂಡ್ ಮೊದಲಾದ ರಾಜ್ಯಗಳಿಂದ ಕೊಯ್ಲಿಗೆಂದು ಬಂದು ಲೈನುಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ನೆಲೆಸಿರುವ ಕುಟುಂಬಗಳ ತಪಾಸಣೆಯಲ್ಲಿ ಈ ರೋಗವನ್ನೂ ಗಮನದಲ್ಲಿಡಬೇಕಾಗುತ್ತದೆ.

ಕೊರತೆ ಕಬ್ಬಿಣದ್ದೇ ಎಂದು ಗೊತ್ತಾದ ಮೇಲೆ ಯಾವ ಮಾತ್ರೆ ಎಂಬ ಪ್ರಶ್ನೆ. ಔಷಧಿ ಅಂಗಡಿಯ ಕಪಾಟು ನೋಡಿದರೆ ಇದು ಬಹಳ ಕಷ್ಟದ ಆಯ್ಕೆಯೆಂಬ ಭಾವನೆ ಬರುತ್ತದೆ. ತಿಳಿದುಕೊಳ್ಳಬೇಕಾದದ್ದು ಮಾತ್ರ ಹೆಚ್ಚಿಲ್ಲ. ಮಾತ್ರೆಯಲ್ಲಿರುವುದು ಕಬ್ಬಿಣದ ಲವಣ. ಆ ಲವಣದ ತೂಕದಲ್ಲಿ ನಿಜವಾದ ಕಬ್ಬಿಣದ ಪಾಲು ಬೇರೆಬೇರೆಯಾಗಿರುತ್ತದೆ. ಈ ಪಾಲನ್ನು ಧಾತುರೂಪದ ಕಬ್ಬಿಣವೆನ್ನುತ್ತಾರೆ. ಫೆರಸ್ ಫ್ಯೂಮರೇಟಿನಲ್ಲಿ ಇದು ಸುಮಾರು ಮೂರರಲ್ಲೊಂದು ಪಾಲು, ನೀರಿನಂಶ ತೆಗೆದ ಫೆರಸ್ ಸಲ್ಫೇಟಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಫೆರಸ್ ಗ್ಲುಕೋನೇಟಿನಲ್ಲಿ ಎಂಟರಲ್ಲೊಂದು ಪಾಲಿಗೂ ಕಡಿಮೆ. ಹಾಗಾಗಿ 200 ಮಿಲಿಗ್ರಾಂ ಒಣ ಫೆರಸ್ ಸಲ್ಫೇಟಿನ ಮಾತ್ರೆಯಲ್ಲಿ ಸುಮಾರು 65 ಮಿಲಿಗ್ರಾಂ ಕಬ್ಬಿಣವಿದ್ದರೆ, 300 ಮಿಲಿಗ್ರಾಂ ಗ್ಲುಕೋನೇಟಿನ ಮಾತ್ರೆಯಲ್ಲಿ 35 ಮಿಲಿಗ್ರಾಂ ಮಾತ್ರ. ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ದಪ್ಪಕ್ಷರದ ಅಂಕಿಯನ್ನಲ್ಲ, ‘ಧಾತುರೂಪದ ಕಬ್ಬಿಣ ಇಷ್ಟು’ ಎಂಬ ಸಣ್ಣಕ್ಷರದ ಸಾಲನ್ನು ಓದಬೇಕು. ಖಾಸಗಿ ವೈದ್ಯರು ಹೆಚ್ಚಾಗಿ ಬರೆಯುವ ಫೆರಸ್ ಆಸ್ಕಾರ್ಬೇಟಿನ ಮಾತ್ರೆಗಳು ಸಾಮಾನ್ಯವಾಗಿ 100 ಮಿಲಿಗ್ರಾಂ ಧಾತುರೂಪದ ಕಬ್ಬಿಣವುಳ್ಳವು. ಅವುಗಳ ಬೆಲೆ ಹೆಚ್ಚು, ಗುಣದಲ್ಲಿ ಬೆಲೆಗೆ ತಕ್ಕ ಅಂತರವಿಲ್ಲ. ಫೆರಸ್ ರೂಪ ಕರುಳಿಗೆ ಬೇಗ ದಕ್ಕುವಂಥದು. ಫೆರಿಕ್ ರೂಪದ ಪಾಲಿಮಾಲ್ಟೋಸ್ ಸಂಯುಕ್ತವು ಹೊಟ್ಟೆಗೆ ಹಿತವಾಗಿದ್ದರೂ ರಕ್ತ ಏರಿಸುವುದರಲ್ಲಿ ನಿಧಾನ. ನಿಧಾನವಾಗಿ ಕರಗುವಂತೆ ಲೇಪ ಹಚ್ಚಿದ ಮಾತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಕಬ್ಬಿಣವನ್ನು ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ, ಲೇಪ ಕರಗುವ ಹೊತ್ತಿಗೆ ಮಾತ್ರೆ ಆ ಜಾಗವನ್ನು ದಾಟಿರುತ್ತದೆ. ಬೀಟ್‌ರೂಟಿನ ಕೆಂಪು ರಸ, ಖರ್ಜೂರದ ಪಾಕ, ಬೆಲ್ಲ ಇವು ಒಳ್ಳೆಯ ಆಹಾರಗಳೇ. ಆದರೆ ಬಣ್ಣ ಕೆಂಪಾದ ಮಾತ್ರಕ್ಕೆ ಅವುಗಳಲ್ಲಿ ಔಷಧವಾಗುವಷ್ಟು ಕಬ್ಬಿಣ ಇರುವುದಿಲ್ಲ. ಲೋಹಭಸ್ಮ, ಮಂಡೂರ ಮುಂತಾದ ಕಬ್ಬಿಣದ ಆಯುರ್ವೇದ ಔಷಧಗಳನ್ನು ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ಹೇಳದೆ ಮಾತ್ರೆಯನ್ನೂ ಸೇರಿಸಿಕೊಂಡರೆ ಎರಡು ಕಡೆಯಿಂದ ಕಬ್ಬಿಣ ಬಂದಂತಾಗುತ್ತದೆ.

ಒಟ್ಟಿನಲ್ಲಿ, ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆಯಾಗಿ ಸಿಗುವ ಕೆಂಪು ಮಾತ್ರೆ ಬಹುಪಾಲು ಜನರಿಗೆ ಸಾಕು. ಅದು ಸೋಲುವುದು ಅದರ ಗುಣದ ದೋಷದಿಂದಲ್ಲ, ಅದು ಹೊಟ್ಟೆಗೆ ಇಳಿಯುವ ಹೊತ್ತಿನ ದೋಷದಿಂದ.

ಹಳೆಯ ದಿನಸಿ ಅಂಗಡಿಗಳಲ್ಲಿ ಅನ್ನಭೇದಿ ಎಂಬ ಹಸಿರು ಹರಳು ಸಿಗುತ್ತಿತ್ತು. ಅದನ್ನು ಅಳಲೆಕಾಯಿಯ ಒಗರಿನ ಕಷಾಯಕ್ಕೆ ಸೇರಿಸಿದರೆ ದ್ರವ ಕಪ್ಪಾಗಿ ಬರೆಯುವ ಮಸಿಯಾಗುತ್ತಿತ್ತು. ಅನ್ನಭೇದಿಯೆಂದರೆ ಫೆರಸ್ ಸಲ್ಫೇಟೇ. (ಅಂಗಡಿಯ ಹರಳು ಔಷಧದ ಶುದ್ಧಿಯುಳ್ಳದ್ದಲ್ಲವಾದ್ದರಿಂದ ಅದನ್ನು ಸೇವಿಸಬಾರದೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.) ಅಳಲೆಕಾಯಿಯ ಒಗರಿನಲ್ಲಿರುವ ಟ್ಯಾನಿನ್‌ಗಳು ಪಾಲಿಫಿನಾಲ್ ಎಂಬ ವರ್ಗಕ್ಕೆ ಸೇರಿದವು, ಚಹಾದ ಟ್ಯಾನಿನ್, ಕಾಫಿಯ ಕ್ಲೋರೋಜೆನಿಕ್ ಆಮ್ಲ, ಎಲೆಯಡಿಕೆಯ ಒಗರು ಎಲ್ಲವೂ ಆ ವರ್ಗದವೇ. ಕಾಫಿಯೊಡನೆ ಮಾತ್ರೆ ನುಂಗಿದಾಗ ಹೊಟ್ಟೆಯೊಳಗೆ ನಡೆಯುವುದು ಆ ಮಸಿ ತಯಾರಿಕೆಯ ಹತ್ತಿರದ ಕ್ರಿಯೆ: ಪಾಲಿಫಿನಾಲ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದು ಕರುಳು ಹೀರಿಕೊಳ್ಳಲಾಗದ ರೂಪಕ್ಕೆ ತರುತ್ತದೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಊಟದೊಡನೆ ಕುಡಿದ ಒಂದು ಲೋಟ ಕಾಫಿ ಆಹಾರದ ಕಬ್ಬಿಣದ ಹೀರುವಿಕೆಯನ್ನು ಶೇ 39ರಷ್ಟು, ಚಹಾ ಶೇ 64ರಷ್ಟು ತಗ್ಗಿಸಿದವು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ನಷ್ಟವೂ ಆಗಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಊಟದೊಡನೆ ಕುಡಿದಷ್ಟೇ ನಷ್ಟ ಮಾಡಿತು. ಮಾತ್ರೆಯ ಕಬ್ಬಿಣದ ಬಗೆಗಿನ ಪ್ರಯೋಗ 2023ರಲ್ಲಿ ಸ್ವಿಟ್ಜರ್ಲೆಂಡಿನಿಂದ ಪ್ರಕಟವಾಯಿತು: ಕಬ್ಬಿಣದ ಕೊರತೆಯಿದ್ದ ಮಹಿಳೆಯರು 100 ಮಿಲಿಗ್ರಾಂ ಕಬ್ಬಿಣವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿದಾಗಿನ ಹೀರುವಿಕೆಗೆ ಹೋಲಿಸಿದರೆ, ಕಾಫಿಯೊಡನೆ ಸೇವಿಸಿದಾಗ ಅದು ಶೇ 54ರಷ್ಟು, ಕಾಫಿ ಮತ್ತು ತಿಂಡಿ ಎರಡರೊಡನೆ ಸೇವಿಸಿದಾಗ ಶೇ 66ರಷ್ಟು, ಮಧ್ಯಾಹ್ನದ ಮೇಲೆ ಸೇವಿಸಿದಾಗ ಶೇ 37ರಷ್ಟು ಇಳಿಯಿತು; 80 ಮಿಲಿಗ್ರಾಂ ಸಿ ಜೀವಸತ್ವದೊಡನೆ ಸೇವಿಸಿದಾಗ ಶೇ 30ರಷ್ಟು ಏರಿತು, ಅದನ್ನು 500 ಮಿಲಿಗ್ರಾಂಗೆ ಹೆಚ್ಚಿಸಿದರೂ ಮತ್ತೆ ಲಾಭವಾಗಲಿಲ್ಲ.

ಈ ಅಂಕಿಗಳನ್ನು ತೋಟದ ದಿನಚರಿಯ ಮೇಲಿಟ್ಟು ನೋಡಿದರೆ ಮಾತ್ರೆಯ ಸೋಲಿನ ಕಾರಣ ಕಣ್ಣಿಗೆ ಕಟ್ಟುತ್ತದೆ. ನಸುಕಿನಲ್ಲಿ ಏಳುತ್ತಲೇ ಬೆಲ್ಲದ ಕಾಫಿ, ಹಾಜರಿಗೆ ಮೊದಲು ಅಕ್ಕಿರೊಟ್ಟಿ ಅಥವಾ ಕಡುಬಿನೊಡನೆ ಮತ್ತೊಂದು ಕಾಫಿ, ನಡುಹೊತ್ತಿನಲ್ಲಿ ತೋಟಕ್ಕೇ ಬರುವ ಚಹಾ, ಊಟದ ಮೇಲೆ ಎಲೆಯಡಿಕೆ, ಕೆಲಸ ಬಿಟ್ಟು ಮನೆಗೆ ಬಂದೊಡನೆ ಮತ್ತೆ ಕಾಫಿ. ‘ತಿಂಡಿಯಾದ ಮೇಲೆ ಒಂದು ಮಾತ್ರೆ’ ಎಂಬ ಸಾಮಾನ್ಯ ಸೂಚನೆಯನ್ನು ಇಲ್ಲಿ ಚಾಚೂ ತಪ್ಪದೆ ಪಾಲಿಸುವ ಹೆಂಗಸು ಮಾತ್ರೆಯನ್ನು ಅತ್ಯಂತ ಕೆಟ್ಟ ಹೊತ್ತಿನಲ್ಲಿ, ಅಂದರೆ ಕಾಫಿ ಮತ್ತು ತಿಂಡಿಯ ನಡುವೆ ನುಂಗುತ್ತಾಳೆ. ಅವಳು ವಿಧೇಯಳಾಗಿದ್ದೂ ಮುಂದಿನ ತಿಂಗಳ ತಪಾಸಣೆಯಲ್ಲಿ ‘ಮಾತ್ರೆ ತಗೊಳ್ತಿಲ್ಲ’ ಎಂಬ ಆಕ್ಷೇಪಕ್ಕೆ ಗುರಿಯಾಗಬೇಕಾಗುತ್ತದೆ. ಇದು ಅನ್ಯಾಯ. ಕಾಫಿ ಸೀಮೆಯಲ್ಲಿ ಕಾಫಿ ಬಿಡಿರೆಂಬ ಉಪದೇಶ ಫಲಿಸುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಕಾಫಿಯಿಂದ ಮಾತ್ರೆಯನ್ನು ದೂರವಿಡುವ ಹೊತ್ತನ್ನು ಹುಡುಕಿಕೊಟ್ಟರೆ ಸಾಕು. ಅಂತಹ ಹೊತ್ತುಗಳು ಎರಡಿವೆ. ಎದ್ದೊಡನೆ ನೀರಿನಲ್ಲಿ ಮಾತ್ರೆ ನುಂಗಿ ಕಾಫಿಯನ್ನು ಒಂದೆರಡು ಗಂಟೆ ಮುಂದೂಡಬಲ್ಲವರಿಗೆ ಬೆಳಗಿನ ಹೊತ್ತೇ ಶ್ರೇಷ್ಠ. ಎದ್ದೊಡನೆಯ ಕಾಫಿಯನ್ನು ಬಿಡಲಾರದವರಿಗೆ, ಬರಿಹೊಟ್ಟೆಯ ಮಾತ್ರೆಯಿಂದ ಓಕರಿಕೆ ಬರುವವರಿಗೆ, ರಾತ್ರಿ ಊಟವಾಗಿ ಎರಡು ಗಂಟೆಯ ಮೇಲೆ ಮಲಗುವ ಮುನ್ನದ ಹೊತ್ತು ಒಳ್ಳೆಯದು. ದಿನದ ಉತ್ತರಾರ್ಧದಲ್ಲಿ ಹೀರುವಿಕೆ ಇಳಿಯುವುದು ನಿಜವಾದರೂ ಕಾಫಿಯಿಂದಾಗುವ ನಷ್ಟಕ್ಕಿಂತ ಅದು ಕಡಿಮೆ, ಓಕರಿಕೆಯೂ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಸಿ ಜೀವಸತ್ವಕ್ಕೆ ಬೇರೆ ಗುಳಿಗೆ ಕೊಳ್ಳಬೇಕಾಗಿಲ್ಲ, ಒಂದು ಪೇರಳೆ ಹಣ್ಣು ಅಥವಾ ಹಸಿ ನೆಲ್ಲಿಕಾಯಿ ಆ ಕೆಲಸ ಮಾಡುತ್ತದೆ. ಕಾಫಿಗೆ ಹಾಲು ಬೆರೆಸಿದರೆ ದೋಷ ಹೋಗುತ್ತದೆಂಬ ತಿಳಿವಳಿಕೆ ತಪ್ಪು. ಹಾಲಿನ ಸುಣ್ಣದಂಶವೂ ಕಬ್ಬಿಣಕ್ಕೆ ಅಡ್ಡಿಯೇ. ಕ್ಲೋರೋಜೆನಿಕ್ ಆಮ್ಲ ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಹೆಚ್ಚೆಂಬುದನ್ನೂ ಮನೆಬಳಕೆಗೆ ರೋಬಸ್ಟಾ ಪುಡಿಯನ್ನೇ ಇಟ್ಟುಕೊಳ್ಳುವ ಕುಟುಂಬಗಳು ತಿಳಿದಿರಬೇಕು.

ಪ್ರಮಾಣ ಹೆಚ್ಚಿಸಿದರೆ ಬೇಗ ಗುಣವಾದೀತೆಂಬ ನಂಬಿಕೆಯನ್ನು ಈ ಶತಮಾನದ ಸಂಶೋಧನೆ ಅಲುಗಾಡಿಸಿದೆ. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಕರುಳಿನಿಂದ ಕಬ್ಬಿಣ ರಕ್ತಕ್ಕೆ ದಾಟುವ ಬಾಗಿಲನ್ನು ಮುಚ್ಚುವ ಕಾವಲುಗಾರ. 60 ಮಿಲಿಗ್ರಾಂ ಅಥವಾ ಹೆಚ್ಚಿನ ಕಬ್ಬಿಣ ಒಳಹೋದರೆ ಹೆಪ್ಸಿಡಿನ್ ಏರಿ, ಆ ಏರಿಕೆ ಸುಮಾರು ಒಂದು ದಿನ ಉಳಿದು, ಮರುದಿನದ ಮಾತ್ರೆಯ ಹೀರುವಿಕೆಯನ್ನು ತಗ್ಗಿಸುತ್ತದೆ. ಜ್ಯೂರಿಚ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೊಂದರಂತೆ ಮಾತ್ರೆ ನುಂಗಿದವರು ಅದರ ಶೇ 16ರಷ್ಟನ್ನು, ದಿನ ಬಿಟ್ಟು ದಿನ ನುಂಗಿದವರು ಶೇ 22ರಷ್ಟನ್ನು ಹೀರಿಕೊಂಡರು. ಆದರೆ ಆ ಮಹಿಳೆಯರಿಗೆ ಕಬ್ಬಿಣದ ಕೊರತೆಯಿತ್ತೇ ಹೊರತು ರಕ್ತಹೀನತೆ ಇರಲಿಲ್ಲ, ಅವರು ಗರ್ಭಿಣಿಯರೂ ಆಗಿರಲಿಲ್ಲ. ದಿನದ ಮಾತ್ರೆಯಿಂದ ಹೊಟ್ಟೆ ಕೆಡಿಸಿಕೊಂಡು ನಿಲ್ಲಿಸಿಬಿಡುವವರಿಗೆ ದಿನ ಬಿಟ್ಟು ದಿನದ ಕ್ರಮ ಒಳ್ಳೆಯ ಪರ್ಯಾಯ. ಗರ್ಭಿಣಿಯರು ಮಾತ್ರ ತಾವಾಗಿ ಕ್ರಮ ಬದಲಿಸದೆ ವೈದ್ಯರ ಸೂಚನೆಯಂತೆ ನಡೆಯಬೇಕು.

ಸರ್ಕಾರಿ ಕ್ರಮವು 2018ರ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯಲ್ಲಿ ಬಣ್ಣಗಳ ಮೂಲಕ ಸ್ಪಷ್ಟವಾಗಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆರಡು ಸಲ 20 ಮಿಲಿಗ್ರಾಂ ಕಬ್ಬಿಣವಿರುವ ಒಂದು ಮಿಲಿಲೀಟರ್ ಸಿರಪ್. ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು 45 ಮಿಲಿಗ್ರಾಂನ ಗುಲಾಬಿ ಮಾತ್ರೆ. ಹತ್ತರಿಂದ ಹತ್ತೊಂಬತ್ತರವರಿಗೆ ವಾರಕ್ಕೊಂದು 60 ಮಿಲಿಗ್ರಾಂನ ನೀಲಿ ಮಾತ್ರೆ. ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಕೆಂಪು ಮಾತ್ರೆ, ಕನಿಷ್ಠ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ. ಇವು ತಡೆಗಟ್ಟುವ ಪ್ರಮಾಣಗಳು. ರಕ್ತಹೀನತೆ ಇದ್ದಾಗ ಗರ್ಭಿಣಿಗೆ ಮಾತ್ರೆ ದಿನಕ್ಕೆರಡಾಗುತ್ತದೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆಯಾಗಿ ಅಂಕಿ ತಾಯಿ ಕಾರ್ಡಿನಲ್ಲಿ ದಾಖಲಾಗಬೇಕು. ಒಂದು ತಿಂಗಳಲ್ಲಿ ಹಿಮೊಗ್ಲೋಬಿನ್ ಒಂದು ಗ್ರಾಂ ಕೂಡ ಏರದಿದ್ದರೆ ರೋಗನಿರ್ಣಯ, ಹೊತ್ತು, ಹುಳು, ರಕ್ತಸ್ರಾವ ಎಲ್ಲವನ್ನೂ ಮರುಪರಿಶೀಲಿಸಬೇಕು. ಅಂಕಿ ಸರಿಹೋದೊಡನೆ ನಿಲ್ಲಿಸುವುದು ಇನ್ನೊಂದು ತಪ್ಪು. ಖಾಲಿಯಾದ ಕಣಜ ತುಂಬಲು ಮತ್ತೆ ಸುಮಾರು ಮೂರು ತಿಂಗಳು ಬೇಕು.

2017ರ ಅಕ್ಟೋಬರಿನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು ಅಂಗನವಾಡಿಯಲ್ಲಿಯೇ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಬಡಿಸಿ ಮಾತ್ರೆಯನ್ನು ಕೈಯಾರೆ ಕೊಡುವ ಒಳ್ಳೆಯ ಉದ್ದೇಶವುಳ್ಳದ್ದು. ಮನೆಗಳು ಗುಡ್ಡಕ್ಕೊಂದರಂತೆ ಹರಡಿರುವ ಮಲೆನಾಡಿನಲ್ಲಿ, ತುಂಬುಬಸುರಿ ಮಳೆಗಾಲದ ಜಾರುದಾರಿಯಲ್ಲಿ ಹಳ್ಳ ದಾಟಿ ಒಂದು ಊಟಕ್ಕೆ ನಡೆದುಬರಬೇಕೆಂಬ ಷರತ್ತು ಬಯಲುಸೀಮೆಯ ಭೂಪಟವನ್ನು ನೋಡಿ ರೂಪಿಸಿದಂಥದು. ಪಡಿತರದ ಸಾರವರ್ಧಿತ ಅಕ್ಕಿಯೂ ಈಗ ಈ ಸರಪಳಿಯಲ್ಲಿ ಸೇರಿದೆ. ಒಂದು ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಸೇರಿಸಿದ ಅದರ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಆರಿಸಿ ಎಸೆಯಬೇಕಾಗಿಲ್ಲ, ಹಾಗೆಯೇ ಅದನ್ನು ಉಣ್ಣುತ್ತಿರುವ ಕಾರಣಕ್ಕೆ ಬಸುರಿ ಮಾತ್ರೆ ಬಿಡುವಂತೆಯೂ ಇಲ್ಲ.

ಕಾಫಿಯಂತೆಯೇ ಕಬ್ಬಿಣದೊಡನೆ ಹೊಂದದ ಔಷಧಗಳೂ ಇವೆ. ಗರ್ಭಿಣಿಗೆ ಕೆಂಪು ಮಾತ್ರೆಯ ಜೊತೆಗೇ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಕನಿಷ್ಠ ಎರಡು ಗಂಟೆ ಅಂತರದಲ್ಲಿ, ಊಟದೊಡನೆ ನುಂಗಬೇಕು; ಎರಡನ್ನೂ ಒಂದೇ ಗುಟುಕಿಗೆ ಮುಗಿಸಿಬಿಡುವ ರೂಢಿ ವ್ಯಾಪಕವಾಗಿದೆ. ಮಳೆಗಾಲದ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕಬ್ಬಿಣದೊಡನೆ ಕಟ್ಟಿಕೊಂಡರೆ ಎರಡೂ ವ್ಯರ್ಥವಾಗುತ್ತವೆ, ಜ್ವರದ ಔಷಧ ಸೋಲುವುದಂತೂ ಅಪಾಯಕಾರಿ. ಆ ಕೆಲವು ದಿನ ಕಬ್ಬಿಣವನ್ನು ನಿಲ್ಲಿಸಬೇಕೇ, ದೂರದ ಹೊತ್ತಿಗೆ ಸರಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ಥೈರಾಯಿಡ್ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಬೇಕು. ಎದೆಯುರಿಗೆಂದು ದಿನವೂ ನುಂಗುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳು ಜಠರದ ಆಮ್ಲವನ್ನು ಇಳಿಸಿ ಕಬ್ಬಿಣ ಕರಗದಂತೆ ಮಾಡುತ್ತವೆ.

ಹೆಂಗಸರು ಮಾತ್ರೆ ಬಿಡುವ ಕಾರಣಗಳು ಆಲಸ್ಯವೆಂಬ ಒಂದು ಮಾತಿನಲ್ಲಿ ಮುಗಿಯುವಂಥವಲ್ಲ. ಮಲ ಕಪ್ಪಾಗುತ್ತದೆ, ಮಲಬದ್ಧತೆ, ಹೊಟ್ಟೆನೋವು, ಬಾಯಲ್ಲಿ ಲೋಹದ ರುಚಿ. ಶೌಚಕ್ಕೆ ದೂರ ಹೋಗಬೇಕಾದ ಲೈನುಮನೆಯಲ್ಲಿ ಮಲಬದ್ಧತೆ ಸಣ್ಣ ಸಂಗತಿಯಲ್ಲ. ಹೀರಿಕೆಯಾಗದೆ ಉಳಿದ ಕಬ್ಬಿಣದಿಂದ ಮಲ ಕಪ್ಪಾಗುವುದು ನಿರಪಾಯಕಾರಿ. ಡಾಂಬರಿನಂತೆ ಅಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಮಾತ್ರ ಅದು ಒಳಗಿನ ರಕ್ತಸ್ರಾವವಾಗಿರಬಹುದು. ಮಾತ್ರೆಯಿಂದ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಮಗು ಕಪ್ಪಾಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಆದರೆ ಈ ಭಯಗಳನ್ನು ಗದರಿಸಿ ಓಡಿಸಲಾಗದು. ಮನೆಯ ಅತ್ತೆಯನ್ನೂ ಕೂರಿಸಿಕೊಂಡು ನಿಧಾನವಾಗಿ ತಿಳಿಹೇಳುವ ಆಶಾ ಕಾರ್ಯಕರ್ತೆಯ ಅರ್ಧ ಗಂಟೆಗೆ ಯಾವ ದುಬಾರಿ ಮಾತ್ರೆಯೂ ಸಮನಲ್ಲ.

ತುಂಬಿದಷ್ಟೂ ಸೋರುವ ಕೊಡಕ್ಕೆ ನೀರು ಹೊಯ್ದು ಫಲವಿಲ್ಲವಾದ್ದರಿಂದ ರಕ್ತ ಹೋಗುವ ದಾರಿಯನ್ನೂ ನೋಡಬೇಕು. ಕಾಫಿ ಗಿಡದ ನೆರಳಿನ ತೇವದ ಮಣ್ಣು ಕೊಕ್ಕೆಹುಳುವಿನ ಮರಿಗಳಿಗೆ ಹೇಳಿಮಾಡಿಸಿದ ಜಾಗ. ಬರಿಗಾಲಿನ ಚರ್ಮವನ್ನು ತೂರಿ ಒಳಬಂದು ಕರುಳಿಗೆ ಕಚ್ಚಿಕೊಳ್ಳುವ ಈ ಹುಳು ದಿನವೂ ರಕ್ತ ಹೀರುತ್ತದೆ. ಜಂತುಹುಳುವಿನ ಆಲ್ಬೆಂಡಜೋಲ್ ಮಾತ್ರೆ ಇದಕ್ಕೆ ಮದ್ದು: ಮಕ್ಕಳಿಗೆ ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನಗಳಲ್ಲಿ, ಗರ್ಭಿಣಿಗೆ ನಾಲ್ಕರಿಂದ ಆರನೆಯ ತಿಂಗಳೊಳಗೆ ಒಂದು ಸಲ. ಜಿಗಣೆಗೆ ಹೆದರಿ ಹಾಕಿಕೊಳ್ಳುವ ಗಂಬೂಟು ಕೊಕ್ಕೆಹುಳುವನ್ನೂ ತಡೆಯುತ್ತದೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಟಾನಿಕ್ ಕೊಂಡು ಸುಮ್ಮನಾಗುವುದು ಅತ್ಯಂತ ಅಪಾಯದ ನಡೆ; ಮೂಲವ್ಯಾಧಿ, ಮೈಕೈ ನೋವಿನ ಮಾತ್ರೆಗಳಿಂದಾದ ಜಠರದ ಹುಣ್ಣು, ಕರುಳಿನ ಕ್ಯಾನ್ಸರ್ ಇವುಗಳಲ್ಲಿ ಯಾವುದಾದರೊಂದು ಅದರ ಹಿಂದಿರಬಹುದು.

ಮಾತ್ರೆ ಸಾಲದಾದಾಗ, ಹೆರಿಗೆ ಹತ್ತಿರವಾಗಿ ಕೊರತೆ ತೀವ್ರವಾಗಿದ್ದಾಗ, ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿಯಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಹಭಾಗಿತ್ವದಲ್ಲಿ ಕರ್ನಾಟಕ ಮತ್ತು ರಾಜಸ್ಥಾನದ 4,320 ಗರ್ಭಿಣಿಯರ ಮೇಲೆ ನಡೆದ ರ‍್ಯಾಪಿಡ್‌ಐರನ್ ಪ್ರಯೋಗವು ಒಂದೇ ಬಾರಿಯ ಇಂತಹ ಚಿಕಿತ್ಸೆಯನ್ನು ಬಾಯಿಂದ ನುಂಗುವ ಮಾತ್ರೆಯೊಡನೆ ಹೋಲಿಸಿತು. ಅಪರೂಪಕ್ಕೆ ತೀವ್ರ ಅಲರ್ಜಿ ಉಂಟಾಗಬಹುದಾದ ಕಾರಣ ಇದನ್ನು ಅಂತಹ ತುರ್ತನ್ನು ನಿಭಾಯಿಸಬಲ್ಲ ಆಸ್ಪತ್ರೆಯಲ್ಲಿಯೇ ಕೊಡಬೇಕು. ತೋಟದ ಮನೆಗೆ ಬಂದು ‘ರಕ್ತದ ಡ್ರಿಪ್’ ಹಾಕುವವರನ್ನು ನಂಬಬಾರದು.

ಉಳಿದದ್ದು ಮಾತ್ರೆಯನ್ನು ಇಡುವ ಜಾಗದ ವಿಷಯ. ಇದು ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ, ಎಲ್ಲಕ್ಕಿಂತ ತುರ್ತಿನ ವಿಷಯ. ಮಗುವಿನ ದೇಹತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಧಾತುರೂಪದ ಕಬ್ಬಿಣ ವಿಷದ ಲಕ್ಷಣಗಳನ್ನು ತೋರಿಸಬಹುದು, 60 ಮಿಲಿಗ್ರಾಂ ದಾಟಿದರೆ ಪ್ರಾಣಕ್ಕೆ ಅಪಾಯ. ಹತ್ತು ಕಿಲೋ ತೂಗುವ ಒಂದು ವರ್ಷದ ಮಗುವಿಗೆ ಈ ಅಪಾಯದ ಮಟ್ಟ ತಲುಪಲು ತಾಯಿಯ ಹತ್ತು ಕೆಂಪು ಮಾತ್ರೆಗಳು ಸಾಕು, ಲಕ್ಷಣ ಕಾಣಿಸಿಕೊಳ್ಳಲು ನಾಲ್ಕೇ ಸಾಕು. ಬಾಣಂತಿಗೆ ತಿಂಗಳಿಗೆ ಸಿಗುವ ಮೂವತ್ತು ಮಾತ್ರೆಗಳಲ್ಲಿ 1,800 ಮಿಲಿಗ್ರಾಂ ಇರುತ್ತದೆ. ಸಕ್ಕರೆ ಲೇಪದ ಈ ಕೆಂಪು, ನೀಲಿ, ಗುಲಾಬಿ ಗುಂಡುಗಳು ಮಗುವಿನ ಕಣ್ಣಿಗೆ ಪೆಪ್ಪರಮೆಂಟೇ. ಒಂದೇ ಕೋಣೆಯ ಲೈನುಮನೆಯಲ್ಲಿ ತಾಯಿ ಕೆಲಸಕ್ಕೆ ಹೋದಾಗ ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳುತ್ತಿರುವಾಗ ತಲೆದಿಂಬಿನ ಕೆಳಗೋ ಕಿಟಕಿಯ ಕಟ್ಟೆಯ ಮೇಲೋ ಇಟ್ಟ ಪೊಟ್ಟಣ ಕೈಗೆಟುಕದಿರುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಡಬೇಕು, ಮಕ್ಕಳ ಮುಂದೆ ಮಾತ್ರೆಯನ್ನು ಮಿಠಾಯಿಯೆಂದು ಕರೆಯಬಾರದು. ಮಗು ನುಂಗಿದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊತ್ತು ಕಳೆಯದೆ, 108ಕ್ಕೆ ಕರೆಮಾಡಿ, ಖಾಲಿ ಹಾಳೆಯನ್ನೂ ಉಳಿದ ಮಾತ್ರೆಗಳನ್ನೂ ಜೊತೆಗೆ ಹಿಡಿದು ಹೊರಡಬೇಕು. ಎಷ್ಟು ನುಂಗಿದೆಯೆಂಬ ಲೆಕ್ಕದ ಮೇಲೆ ಚಿಕಿತ್ಸೆ ನಿಂತಿರುತ್ತದೆ. ಮೊದಲ ಆರು ಗಂಟೆಗಳಲ್ಲಿ ವಾಂತಿಭೇದಿಯಾಗಿ, ಆಮೇಲೆ ಮಗು ಚೇತರಿಸಿಕೊಂಡಂತೆ ಕಾಣುವ ಒಂದು ಅವಧಿ ಬರುತ್ತದೆ. ಆ ಚೇತರಿಕೆಯನ್ನು ನಂಬಿ ಅರ್ಧದಾರಿಯಿಂದ ಮನೆಗೆ ಮರಳಿದರೆ, ಒಳಗೆ ಸೇರಿದ ಕಬ್ಬಿಣ ಯಕೃತ್ತಿಗೂ ಹೃದಯಕ್ಕೂ ಹಾನಿ ಮಾಡುವುದನ್ನು ಮುಂದುವರಿಸುತ್ತದೆ. ಕಬ್ಬಿಣವನ್ನು ರಕ್ತದಿಂದ ಸೆಳೆದು ಮೂತ್ರದಲ್ಲಿ ಹೊರಹಾಕುವ ಡೆಫೆರಾಕ್ಸಮೀನ್ ಎಂಬ ಪ್ರತಿವಿಷವಿದೆ. ಅದು ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುವಂಥದಾದ್ದರಿಂದ, ಮಗು ನಗುತ್ತಿದ್ದರೂ ಬೆಟ್ಟ ಇಳಿದು ಅಲ್ಲಿಗೆ ತಲುಪಲೇಬೇಕು.